ಮೊದಲು ಮಾರುಕಟ್ಟೆ, ಆಮೇಲೆ ಕೋಸಂಬರಿ

ರಾಮನವಮಿಯ ದಿನ ದೊನ್ನೆಯಲ್ಲಿ ಎರಡು ಚಮಚ ಕೋಸಂಬರಿ, ಒಂದು ಲೋಟದಲ್ಲಿ ಪಾನಕ, ಇನ್ನೊಂದರಲ್ಲಿ ನೀರುಮಜ್ಜಿಗೆ. ಬೆಂಗಳೂರು, ಮೈಸೂರುಗಳ ಬೀದಿಬೀದಿಯಲ್ಲಿ ಶಾಮಿಯಾನ ಹಾಕಿ ಹಂಚುವ ಈ ಮೂರನ್ನೂ ತಿಂದು ಕುಡಿದು ಕೈ ಒರೆಸಿಕೊಂಡವರು ಮತ್ತೆ ಕೋಸಂಬರಿಯ ಮುಖ ನೋಡುವುದು ಯಾರದೋ ಮದುವೆಯ ಊಟದಲ್ಲಿ. ಅಲ್ಲಿಯೂ ಅದು ಎಲೆಯ ತುದಿಯಲ್ಲಿ ಉಪ್ಪು, ಉಪ್ಪಿನಕಾಯಿಯ ನೆರೆಯಲ್ಲಿ ಒಂದೇ ಒಂದು ಚಮಚ. ಹೆಸರುಬೇಳೆಯದೊಂದು, ಕಡಲೆಬೇಳೆಯದೊಂದು ಎಂದು ಎರಡು ಬಡಿಸಿದರೂ ಎರಡನೇ ಸಲ ಕೇಳುವವರಿಲ್ಲ, ಬಡಿಸುವವರೂ ಆ ಪಂಕ್ತಿಗೆ ತಿರುಗಿ ಬರುವುದಿಲ್ಲ. ಹಬ್ಬಕ್ಕೂ ಮದುವೆಗೂ ಮೀಸಲಾಗಿಬಿಟ್ಟ ಈ ತಿನಿಸು ದಿನದ ಊಟದಲ್ಲಿ ಬಟ್ಟಲು ತುಂಬ ಇರಬೇಕಾದದ್ದು ಎಂಬುದು ನನ್ನ ವಾದ. ‘ಸಲಾಡ್ ತಿನ್ನಿ’ ಎಂದು ವೈದ್ಯರು ಹೇಳಿದ ಕೂಡಲೇ ಸೂಪರ್ ಮಾರ್ಕೆಟ್ಟಿನ ತಣ್ಣನೆಯ ಕಪಾಟಿನತ್ತ ಓಡುವವರಿಗಂತೂ ಇದನ್ನು ಒತ್ತಿ ಹೇಳಬೇಕು.

ಕೋಸಂಬರಿಯನ್ನು ಒಂದು ಅಡುಗೆ ಎಂದುಕೊಳ್ಳುವ ಬದಲು ಒಂದು ಲೆಕ್ಕ ಎಂದುಕೊಂಡರೆ ಕೆಲಸ ಸಲೀಸು. ನೆನೆದ ಬೇಳೆ ಒಂದು ಪಾಲು, ಹೆಚ್ಚಿದ ಅಥವಾ ತುರಿದ ಹಸಿ ತರಕಾರಿ ಎರಡು ಪಾಲು, ಒಂದು ಹಿಡಿ ಕಾಯಿತುರಿ, ಹುಳಿಗೆ ನಿಂಬೆ, ಖಾರಕ್ಕೆ ಹಸಿಮೆಣಸಿನಕಾಯಿ, ಘಮಕ್ಕೆ ಇಂಗು ಸಾಸಿವೆಯ ಒಗ್ಗರಣೆ, ಎಲ್ಲ ಮುಗಿದ ಮೇಲೆ ಉಪ್ಪು. ಇದರಲ್ಲಿ ಬೇಳೆ, ಕಾಯಿ, ಒಗ್ಗರಣೆಯ ಸಾಮಾನು ಮನೆಯಲ್ಲಿ ವರ್ಷವಿಡೀ ಇರುವಂಥವು. ಬದಲಾಗುವುದು ತರಕಾರಿ ಮತ್ತು ಹುಳಿ ಮಾತ್ರ. ಆ ಎರಡನ್ನು ತೀರ್ಮಾನಿಸುವ ಕೆಲಸವನ್ನು ಮಾರುಕಟ್ಟೆಗೇ ಬಿಡಬೇಕು. ಚೀಟಿ ಬರೆದುಕೊಂಡು ಹೋದವರಿಗೆ ಚೀಟಿಯಲ್ಲಿ ಇದ್ದದ್ದು ಸಿಗುತ್ತದೆ, ಅಷ್ಟೇ. ಬಸವನಗುಡಿಯ ಗಾಂಧಿ ಬಜಾರಿನಲ್ಲೋ ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲೋ ತಮ್ಮೂರಿನ ವಾರದ ಸಂತೆಯಲ್ಲೋ ಬರಿಗೈಯಲ್ಲಿ ಒಂದು ಸುತ್ತು ಹಾಕಿ, ಯಾವುದು ರಾಶಿರಾಶಿಯಾಗಿ ಬಂದಿದೆ, ಯಾವುದರ ಬೆಲೆ ಇಳಿದಿದೆ, ಯಾವುದರ ತೊಟ್ಟು ಇನ್ನೂ ಹಸಿರಾಗಿದೆ ಎಂದು ನೋಡಿ, ಆಮೇಲೆ ಕೊಳ್ಳುವವರ ಬಟ್ಟಲಿನ ರುಚಿಯೇ ಬೇರೆ. ಹೆಚ್ಚು ಬಂದಿರುವುದು ಆ ಹಂಗಾಮಿನದು. ಅದೇ ಅಗ್ಗ, ಅದೇ ರುಚಿ. ದುಬಾರಿ ಬೆಲೆ ಕೊಟ್ಟು ಹಸಿ ತರಕಾರಿ ತಿನ್ನಬೇಕಾದ ಪ್ರಮೇಯ ನಮ್ಮ ಸೀಮೆಯಲ್ಲಿ ಬರುವುದೇ ಅಪರೂಪ.

ಮೊದಲು ಬೇಳೆಯ ವಿಷಯ. ಹೆಸರುಬೇಳೆಯನ್ನು ನೀರು ತಿಳಿಯಾಗುವವರೆಗೆ ಮೂರು ನಾಲ್ಕು ಸಲ ತೊಳೆದು ಒಂದು ಗಂಟೆ ನೆನೆಹಾಕಿದರೆ ಸಾಕು, ಬೇಸಿಗೆಯಲ್ಲಿ ಇನ್ನೂ ಬೇಗ ನೆನೆಯುತ್ತದೆ. ಉಗುರಿನಿಂದ ಒತ್ತಿದರೆ ಪಟ್ಟನೆ ಮುರಿಯಬೇಕು, ಹಿಟ್ಟಿನಂತೆ ಅಂಟಬಾರದು; ಅದೇ ಹದ. ರಾತ್ರಿಯೇ ನೆನೆಹಾಕಿ ಮಲಗಿದರೆ ಬೆಳಗಾಗುವ ಹೊತ್ತಿಗೆ ನೊರೆ ಬಂದು, ಹುಳಿವಾಸನೆ ಹಿಡಿದು, ದೋಸೆಗೆ ಮಾತ್ರ ಲಾಯಕ್ಕಾಗಿರುತ್ತದೆ. ಕಡಲೆಬೇಳೆಗೆ ಮೂರು ನಾಲ್ಕು ಗಂಟೆ ಬೇಕು. ಕಡಲೆಯಲ್ಲಿ ನಮ್ಮ ಸಣ್ಣಕರುಳು ಅರಗಿಸಲಾರದ ಕೆಲವು ಸಕ್ಕರೆಗಳಿವೆ. ದೊಡ್ಡಕರುಳಿನ ಬ್ಯಾಕ್ಟೀರಿಯಾಗಳು ಅವನ್ನು ಹುದುಗಿಸಿದಾಗಲೇ ಹೊಟ್ಟೆಯುಬ್ಬರ. ನೆನೆಸಿದಾಗ ಆ ಸಕ್ಕರೆ ಒಂದಷ್ಟು ನೀರಿಗಿಳಿಯುತ್ತದೆ, ಹಾಗಾಗಿ ಆ ನೀರನ್ನು ಚೆಲ್ಲಲೇಬೇಕು. ಕಡಲೆಬೇಳೆ ಕೋಸಂಬರಿಗೆ ಇಂಗು, ಶುಂಠಿ ಸ್ವಲ್ಪ ಮುಂದಾಗಿ ಹಾಕುವ ಅಜ್ಜಿಯರ ಪದ್ಧತಿಯನ್ನೂ ಬಿಡಬೇಡಿ. ಇಷ್ಟೆಲ್ಲ ಮಾಡಿಯೂ ಕೋಸಂಬರಿ ಕೆಡುವುದು ಬಸಿಯುವುದರಲ್ಲಿ. ಜರಡಿಯಲ್ಲಿ ಹಾಕಿ ಹತ್ತು ನಿಮಿಷ ಬಿಟ್ಟು, ಆಮೇಲೆ ಒಣಬಟ್ಟೆಯ ಮೇಲೆ ಹರವಿದರೆ ಕಾಳು ಕಾಳಾಗಿ ಉದುರುತ್ತದೆ. ಒದ್ದೆ ಬೇಳೆಗೆ ನಿಂಬೆಯ ಹುಳಿಯೂ ಹಿಡಿಯದು, ಒಗ್ಗರಣೆಯೂ ಹಿಡಿಯದು.

ಇನ್ನು ಉಪ್ಪು. ಎಳೆಸೌತೆಯಲ್ಲಿ ಶೇ 95ರಷ್ಟು ನೀರೇ ಇದೆ. ಹೆಚ್ಚಿದ ಹೋಳಿನ ಮೇಲೆ ಉಪ್ಪು ಬಿದ್ದ ಕೂಡಲೇ ಜೀವಕೋಶಗಳ ಒಳಗಿನ ನೀರು ಹೊರಗಿನ ಉಪ್ಪಿನತ್ತ ಹರಿದುಬರುತ್ತದೆ. ಕಾಲು ಗಂಟೆಯಲ್ಲಿ ಹೋಳು ಮೆತ್ತಗಾಗಿ, ಪಾತ್ರೆಯ ತಳದಲ್ಲಿ ನೀರು ನಿಂತಿರುತ್ತದೆ. ಮದುವೆಮನೆಯ ಕೋಸಂಬರಿ ಎರಡನೇ ಪಂಕ್ತಿಯ ಹೊತ್ತಿಗೆ ನೀರುನೀರಾಗಿರುವುದಕ್ಕೆ ಇದೇ ಕಾರಣ. ಆದ್ದರಿಂದ ಉಪ್ಪು, ನಿಂಬೆರಸ ಎರಡೂ ಬಡಿಸುವ ಗಳಿಗೆಯಲ್ಲಿ. ಆದರೆ ಇದೇ ಗುಣ ಮೊಸರುಬಜ್ಜಿಗೆ ಬೇಕಾದದ್ದು! ಅಲ್ಲಿ ಸೌತೆಯನ್ನೋ ಮೂಲಂಗಿಯನ್ನೋ ತುರಿದು, ಮೊದಲೇ ಉಪ್ಪು ಬೆರೆಸಿ, ಹತ್ತು ನಿಮಿಷದ ಮೇಲೆ ಹಿಂಡಿ ನೀರು ತೆಗೆದು, ಆಮೇಲೆ ಗಟ್ಟಿ ಮೊಸರಿಗೆ ಹಾಕಬೇಕು. ಮೊಸರು ತೆಳ್ಳಗಾಗದೆ ನಿಲ್ಲುತ್ತದೆ. ಹಿಂಡಿದ ನೀರನ್ನು ಮಜ್ಜಿಗೆಗೆ ಬೆರೆಸಿದರಾಯಿತು, ಇಲ್ಲವೆ ಚಪಾತಿ ಹಿಟ್ಟು ಕಲಸಿದರಾಯಿತು.

ಒಗ್ಗರಣೆಗೂ ಹೀಗೆಯೇ ಎರಡು ಮುಖ. ಸಾಸಿವೆಯ ಕಾಳಿನಲ್ಲಿ ಘಾಟು ಸಿದ್ಧವಾಗಿ ಕೂತಿರುವುದಿಲ್ಲ. ಕಾಳು ಒಡೆದು, ನೀರು ತಾಗಿ, ಅದರೊಳಗಿನ ಒಂದು ಕಿಣ್ವ ಕೆಲಸ ಮಾಡಿದಾಗಲೇ ಮೂಗಿಗೆ ಏರುವ ಆ ಘಾಟು ಹುಟ್ಟುವುದು. ಕಾದ ಎಣ್ಣೆಗೆ ಬಿದ್ದ ಸಾಸಿವೆಯಲ್ಲಿ ಕಿಣ್ವ ಬಿಸಿಗೆ ಸತ್ತುಹೋಗುತ್ತದೆ, ಹಾಗಾಗಿ ಚಟಪಟ ಸಿಡಿದ ಸಾಸಿವೆ ಘಾಟು ಬಿಟ್ಟು ಹುರಿದ ಕಾಳಿನ ಪರಿಮಳ ಕೊಡುತ್ತದೆ. ಘಾಟೇ ಬೇಕೆನ್ನುವ ಮಲೆನಾಡು, ಕರಾವಳಿಯವರು ಅದೇ ಸಾಸಿವೆಯನ್ನು ಹಸಿಯಾಗಿ ಕಾಯಿಯ ಜೊತೆ ರುಬ್ಬಿ ಮೊಸರಿಗೆ ಕಲಸುತ್ತಾರೆ. ಅದಕ್ಕೆ ಸಾಸಿವೆ ಎಂದೇ ಹೆಸರು, ಹವ್ಯಕರ ಬಾಯಲ್ಲಿ ಸಾಸ್ಮೆ. ಮಾವಿನಹಣ್ಣಿನ ಸಾಸಿವೆಯನ್ನು ಒಮ್ಮೆ ಉಂಡವರಿಗೆ ಈ ಘಾಟು ಸಿಹಿಯ ಪಕ್ಕದಲ್ಲಿ ಏನು ಮಾಡುತ್ತದೆಂದು ವಿವರಿಸಬೇಕಾಗಿಲ್ಲ. ಉತ್ತರ ಕನ್ನಡದ ಹಶಿಯೂ ಇದೇ ಬಳಗದ್ದು: ಹಸಿ ತರಕಾರಿ, ಕಾಯಿ, ಮೊಸರು, ಮೇಲೊಂದು ಒಗ್ಗರಣೆ. ಒಲೆಯ ಮುಂದೆ ನಿಲ್ಲಬೇಕಾದದ್ದು ಆ ಒಗ್ಗರಣೆಯ ಎರಡು ನಿಮಿಷ ಮಾತ್ರ.

ಒಗ್ಗರಣೆಯ ಎಣ್ಣೆಯನ್ನು ಕಂಡು ಹೆದರಿ ಅದನ್ನೇ ಬಿಟ್ಟುಬಿಡುವ ಹೊಸ ಆರೋಗ್ಯವಂತರಿದ್ದಾರೆ. ಕ್ಯಾರೆಟ್ಟಿನ ಬೀಟಾ ಕ್ಯಾರೊಟಿನ್ ಜಿಡ್ಡಿನಲ್ಲಿ ಕರಗುವಂಥದು. ಊಟದಲ್ಲಿ ಸ್ವಲ್ಪ ಎಣ್ಣೆಯೋ ಕಾಯಿಯೋ ಇದ್ದಾಗಲೇ ದೇಹ ಅದನ್ನು ಸರಿಯಾಗಿ ಹೀರಿಕೊಳ್ಳುವುದು. ಸೊಪ್ಪು ಬೇಳೆಗಳಲ್ಲಿರುವ ಕಬ್ಬಿಣಾಂಶಕ್ಕೆ ನಿಂಬೆಯ ಸಿ ವಿಟಮಿನ್ ಇದೇ ರೀತಿ ನೆರವಿಗೆ ಬರುತ್ತದೆ. ಒಂದು ಚಮಚ ಎಣ್ಣೆ, ಅರ್ಧ ಹೋಳು ನಿಂಬೆ. ಇಷ್ಟಕ್ಕೆ ಜಿಪುಣತನ ಬೇಡ. ಒಗ್ಗರಣೆ ಆರಿದ ಮೇಲೆ ಬೆರೆಸಬೇಕು ಎನ್ನುವುದನ್ನು ಮಾತ್ರ ಮರೆಯಬಾರದು. ಬಿಸಿ ಎಣ್ಣೆ ಬಿದ್ದ ಕೊತ್ತಂಬರಿ ಸೊಪ್ಪು ಆ ಕ್ಷಣದಲ್ಲೇ ಬಾಡುತ್ತದೆ.

ಈಗ ಮಾರುಕಟ್ಟೆಗೆ ಬರೋಣ. ಸೊಪ್ಪು ಬೇಕಿದ್ದರೆ ಬೆಳಗ್ಗೆಯೇ ಹೋಗಬೇಕು. ಹೊಸಕೋಟೆ, ಆನೇಕಲ್, ಮಾಲೂರು, ದೊಡ್ಡಬಳ್ಳಾಪುರದ ಕಡೆಯಿಂದ ನಸುಕಿನಲ್ಲೇ ಬೆಂಗಳೂರಿಗೆ ಬಂದಿಳಿಯುವ ಸೊಪ್ಪು ಹತ್ತು ಗಂಟೆಯ ಬಿಸಿಲಿಗೆ ಸೊರಗಿ, ಮಾರುವವರು ಚಿಮುಕಿಸಿದ ನೀರಿನ ಬಲದಲ್ಲಿ ನಿಂತಿರುತ್ತದೆ. ಆ ನೀರೇ ಸೊಪ್ಪನ್ನು ಮನೆಯಲ್ಲಿ ಕೊಳೆಸುವುದು. ನಾಟಿ ಕೊತ್ತಂಬರಿ ಯಾವುದು, ಫಾರಂ ಕೊತ್ತಂಬರಿ ಯಾವುದು ಎಂದು ಕೇಳಬೇಕಾಗಿಲ್ಲ, ಮೂಗು ಹೇಳುತ್ತದೆ. ನಾಟಿಯದು ಗಿಡ್ಡ, ಕಾಂಡ ಸಪೂರ, ಕೈ ತಾಗಿದರೆ ಸಾಕು ಘಮಘಮ. ಮಿಕ್ಕಂತೆ ಸಂಜೆ ಹೋದರೂ ನಷ್ಟವಿಲ್ಲ, ಗುಡ್ಡೆಗಳ ಬೆಲೆ ಆಗ ಇಳಿದಿರುತ್ತದೆ. ಗಾಡಿಯವರೊಡನೆ ಹತ್ತು ರೂಪಾಯಿಗಾಗಿ ಚೌಕಾಸಿ ಮಾಡುವುದಕ್ಕಿಂತ ಕೊಸರು ಕೇಳುವುದು ಜಾಣತನ. ಎರಡು ಹಸಿಮೆಣಸಿನಕಾಯಿ, ನಾಲ್ಕೆಸಳು ಕರಿಬೇವು ಸಿಕ್ಕಿದರೆ ಒಗ್ಗರಣೆಯ ಸಾಮಾನೇ ಬಂದಂತಾಯಿತು. ಹತ್ತಿರದಲ್ಲಿ ಮಾರುಕಟ್ಟೆ ಇಲ್ಲದವರಿಗೆ ಹಾಪ್‌ಕಾಮ್ಸ್ ಮಳಿಗೆಗಳಿವೆ. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ ಈ ಸಂಸ್ಥೆಯ ಮಳಿಗೆಯಲ್ಲಿ ಚೌಕಾಸಿಯೂ ಇಲ್ಲ, ಕೊಸರೂ ಇಲ್ಲ. ಆದರೆ ಫಲಕದ ಮೇಲೆ ಆ ದಿನದ ದರ ಬರೆದಿರುತ್ತದೆ, ಹಂಗಾಮು ಯಾವುದೆಂದು ಅದನ್ನು ಓದಿಯೇ ತಿಳಿಯಬಹುದು.

ಸೌತೆಕಾಯಿ ಆರಿಸುವಾಗ ಉದ್ದ ನೋಡಬೇಡಿ, ಹೊಟ್ಟೆ ನೋಡಿ. ನಡು ದಪ್ಪವಾಗಿ ತಿಳಿಹಳದಿಗೆ ತಿರುಗಿದ್ದರೆ ಒಳಗೆ ಬೀಜ ಬಲಿತಿದೆ ಎಂದೇ ಅರ್ಥ. ಮೈಮೇಲೆ ಸಣ್ಣ ಮುಳ್ಳು ಇನ್ನೂ ಉಳಿದಿದ್ದರೆ ಎಳೆಯದು. ಕಹಿ ಮಾತ್ರ ಹೊರಗಿನಿಂದ ತಿಳಿಯುವುದಿಲ್ಲ. ಬಳ್ಳಿಗೆ ನೀರು ಸಾಲದೆ, ಬಿಸಿಲು ಹೆಚ್ಚಾದಾಗ ಕುಕರ್ಬಿಟಾಸಿನ್ ಎಂಬ ಕಹಿವಸ್ತು ಕಾಯಿಯಲ್ಲಿ ಸೇರುತ್ತದೆ, ಅದು ತೊಟ್ಟಿನ ಕಡೆಗೇ ಹೆಚ್ಚು. ತೊಟ್ಟಿನ ಕಡೆ ಒಂದು ಬೆರಳಷ್ಟು ಕತ್ತರಿಸಿ, ತುಂಡಿನಿಂದ ತಿಕ್ಕಿ ನೊರೆ ತೆಗೆಯುವ ಅಭ್ಯಾಸ ಎಲ್ಲ ಮನೆಗಳಲ್ಲೂ ಇದೆ. ತಿಕ್ಕುವುದರಿಂದ ಎಷ್ಟು ಕಹಿ ಹೋಗುತ್ತದೋ, ಕತ್ತರಿಸಿದ್ದರಿಂದ ಹೋಗುವುದಂತೂ ನಿಜ. ಒಂದು ಹೋಳನ್ನು ಬಾಯಿಗೆ ಹಾಕಿಕೊಂಡು ನೋಡದೆ ಪಾತ್ರೆಗೆ ಸುರಿಯಬಾರದು. ತೀರಾ ಕಹಿ ಕಾಯನ್ನು ಎಸೆಯಬೇಕು, ಉಪ್ಪು ನಿಂಬೆಯಿಂದ ಮುಚ್ಚಿಹಾಕಲು ಹೋಗಬಾರದು. ಹೆಚ್ಚುವ ವಿಷಯದಲ್ಲಿ ನನ್ನದು ಹಳೆಯ ಪಕ್ಷ. ತುರಿಮಣೆಯಲ್ಲಿ ಉಜ್ಜಿದ ಸೌತೆ ಅರ್ಧ ನೀರಾಗುತ್ತದೆ. ಅಂಗೈಯಲ್ಲಿ ಹಿಡಿದು ಚಾಕುವಿನಿಂದ ಉದ್ದುದ್ದ ಕೊಚ್ಚಿ, ಮೇಲಿನಿಂದ ತೆಳ್ಳಗೆ ಸವರಿದ ಸಣ್ಣ ಚೂರುಗಳಲ್ಲಿ ಮಾತ್ರ ಆ ಕರುಂ ಎನ್ನುವ ಗುಣ ಉಳಿಯುತ್ತದೆ.

ಯುಗಾದಿಯ ಹೊತ್ತಿಗೆ ಗಿಣಿಮೂತಿ ಮಾವಿನಕಾಯಿ ಬರುತ್ತದೆ. ಆಗ ನಿಂಬೆಗೆ ರಜೆ. ತುರಿದ ಮಾವಿನಕಾಯಿಯೇ ತರಕಾರಿಯೂ ಹೌದು, ಹುಳಿಯೂ ಹೌದು. ಇದಕ್ಕೆ ಕಡಲೆಬೇಳೆಯೇ ಸರಿಯಾದ ಜೋಡಿ, ಹೆಸರುಬೇಳೆ ಆ ಹುಳಿಯ ಮುಂದೆ ಸೋಲುತ್ತದೆ. ಬೆಲ್ಲದ ಒಂದು ಚೂರು ಹಾಕುವವರಿದ್ದಾರೆ, ಬೇಡ ಎನ್ನುವವರೂ ಇದ್ದಾರೆ. ನಾನು ಹಾಕುವವರ ಕಡೆ. ಬೇಸಿಗೆ ಏರಿದ ಮೇಲೆ ಕರಬೂಜ, ಕಲ್ಲಂಗಡಿಯ ರಾಶಿ. ಕಲ್ಲಂಗಡಿಯ ಕೆಂಪು ತಿರುಳು ತಿಂದು ಎಸೆಯುವ ಬಿಳಿ ಭಾಗವನ್ನು ಸಣ್ಣಗೆ ಹೆಚ್ಚಿದರೆ ಸೌತೆಗೆ ಬದಲಿಯಾಗಿ ಕೋಸಂಬರಿಗೆ ಬರುತ್ತದೆ. ನಂಬದವರು ಹೇಳದೆ ಬಡಿಸಿ ನೋಡಿ. ಖಾರದ ಮಾತಿಗೆ ಬಂದರೆ, ಹಸಿಮೆಣಸಿನಕಾಯಿ ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗಿನಲ್ಲಿ ಬರುವ ಮುನ್ನ ಇಲ್ಲಿನ ಖಾರ ಮುಖ್ಯವಾಗಿ ಕಾಳುಮೆಣಸು, ಶುಂಠಿಗಳದ್ದಾಗಿತ್ತು. ರಾಮನವಮಿಯ ಪಾನಕಕ್ಕೆ ಇವತ್ತಿಗೂ ಕಾಳುಮೆಣಸನ್ನೇ ಕುಟ್ಟಿ ಹಾಕುತ್ತೇವೆ. ಬೇಸಿಗೆಯ ಕೋಸಂಬರಿಗೂ ಒಮ್ಮೆ ಹಸಿಮೆಣಸಿನಕಾಯಿ ಬಿಟ್ಟು ತರಿತರಿ ಕಾಳುಮೆಣಸಿನ ಪುಡಿ ಹಾಕಿ ಮಾಡಬಹುದು. ಕರಬೂಜದ ಜೊತೆಗಂತೂ ಅದೇ ಚೆನ್ನ.

ಮಳೆಗಾಲದಲ್ಲಿ ಹಸಿ ಸೊಪ್ಪಿನ ತಂಟೆಗೆ ಹೋಗದಿರುವುದು ಒಳ್ಳೆಯದು. ಕೆಸರು, ಹುಳು ಎರಡೂ ಹೆಚ್ಚು. ಎಷ್ಟು ತೊಳೆದರೂ ಎಲೆಯ ಸಂದಿನಲ್ಲಿ ಮಣ್ಣು ಉಳಿಯುತ್ತದೆ. ಸೊಪ್ಪನ್ನು ಸಾರಿಗೆ, ಪಲ್ಯಕ್ಕೆ ಬಿಟ್ಟು ಈ ತಿಂಗಳುಗಳಲ್ಲಿ ಮುಸುಕಿನ ಜೋಳ, ಕಾಳು, ದಾಳಿಂಬೆಯತ್ತ ತಿರುಗಬೇಕು. ಎಳೆ ಜೋಳದ ತೆನೆಯನ್ನು ಬೇಯಿಸಿ ಬಿಡಿಸಿದ ಕಾಳಿಗೆ ಈರುಳ್ಳಿ, ಕಾಯಿತುರಿ, ನಿಂಬೆ ಸಾಕು. ಮೊಳಕೆ ಹೆಸರುಕಾಳನ್ನು ಹಬೆಯಲ್ಲಿ ಚೆನ್ನಾಗಿ ಬೇಯಿಸಿ ತೆಗೆಯುವುದು ಕ್ಷೇಮ. ಮೊಳಕೆ ಬರಿಸುವ ಬೆಚ್ಚನೆಯ ಒದ್ದೆಯೇ ರೋಗಾಣುಗಳಿಗೂ ಹಿತ, ಅದರಲ್ಲೂ ಮಕ್ಕಳು, ಬಸುರಿಯರು, ವಯಸ್ಸಾದವರು ಇರುವ ಮನೆಯಲ್ಲಿ ಹಸಿ ಮೊಳಕೆಯ ವ್ಯಾಮೋಹ ಬೇಡ. ಮಳೆಗಾಲದ ಸುಮಾರಿಗೇ ಕೊಡಗಿನ ತೋಟಗಳಿಂದ ಬೆಣ್ಣೆಹಣ್ಣು ಇಳಿಯುತ್ತದೆ. ಪೇಟೆಯ ಜನ ಆವಕಾಡೊ ಎಂದು ವಿದೇಶಿ ದರ ಕೊಟ್ಟು ಕೊಳ್ಳುವ ಇದು ಕೊಡಗಿನ ಕಾಫಿತೋಟದಲ್ಲಿ ಹಳೆಯ ಗಿಡ. ಬಟರ್‌ಫ್ರೂಟ್ ಜ್ಯೂಸ್ ಕುಡಿಯದ ಮಂಗಳೂರಿಗರಿಲ್ಲ. ಸಕ್ಕರೆ ಹಾಲು ಹಾಕದೆ, ಈರುಳ್ಳಿ, ಹಸಿಮೆಣಸಿನಕಾಯಿ, ಟೊಮೆಟೊ, ನಿಂಬೆರಸದೊಡನೆ ಕಲಸಿದರೆ ಕಾಯಿತುರಿಯ ಜಿಡ್ಡಿನ ಕೆಲಸವನ್ನು ಹಣ್ಣೇ ಮಾಡುತ್ತದೆ.

ಬಾಳೆದಿಂಡಿಗೆ ಹಂಗಾಮಿಲ್ಲ, ಅದಕ್ಕೇ ಅದರ ಬೆಲೆ ನಮಗೆ ಗೊತ್ತಿಲ್ಲ. ಗೊನೆ ಕಡಿದ ಮೇಲೆ ತೋಟದಲ್ಲಿ ಕೊಳೆಯುವ ಗಿಡದ ಒಳಗಿರುವ ಬಿಳಿಯ ದಿಂಡು ಸೊಪ್ಪಿನ ಅಂಗಡಿಯ ಮೂಲೆಯಲ್ಲಿ ಅಗ್ಗಕ್ಕೆ ಬಿದ್ದಿರುತ್ತದೆ. ಕೈಯಿಂದ ಒತ್ತಿದರೆ ಗಟ್ಟಿಯಾಗಿರಬೇಕು, ಕತ್ತರಿಸಿದ ಕಡೆ ಕಪ್ಪಾಗಿರಬಾರದು. ಹೊರಗಿನ ಒಂದೆರಡು ಪದರ ಸುಲಿದು ಬಿಲ್ಲೆಬಿಲ್ಲೆಯಾಗಿ ಹೆಚ್ಚುತ್ತ ಹೋದಂತೆ ಎರಡು ಬಿಲ್ಲೆಗಳ ನಡುವೆ ನಾರು ಎಳೆಯೆಳೆಯಾಗಿ ಬರುತ್ತದೆ. ಅದನ್ನು ತೋರುಬೆರಳಿಗೆ ಸುತ್ತಿಕೊಳ್ಳುತ್ತ ತೆಗೆಯಬೇಕು. ಕೊನೆಯಲ್ಲಿ ಬೆರಳಿಗೆ ಬಿಳಿಯ ಉಂಗುರ ತೊಟ್ಟಂತೆ ಕಾಣುತ್ತದೆ, ಮಕ್ಕಳಿಗೆ ಈ ಕೆಲಸ ಒಪ್ಪಿಸಿದರೆ ಜಗಳವಾಡಿಕೊಂಡು ಮಾಡುತ್ತಾರೆ. ಬಿಲ್ಲೆಗಳನ್ನು ಪೇರಿಸಿ ಸಣ್ಣಗೆ ಹೆಚ್ಚಿದ ಕೂಡಲೇ ಮಜ್ಜಿಗೆ ಬೆರೆಸಿದ ನೀರಿಗೆ ಹಾಕಬೇಕು. ಗಾಳಿ ತಾಗಿದರೆ ಕಿಣ್ವಗಳು ದಿಂಡನ್ನು ಕಂದಾಗಿಸುತ್ತವೆ, ಮಜ್ಜಿಗೆಯ ಹುಳಿ ಅವಕ್ಕೆ ಅಡ್ಡಗಾಲು ಹಾಕುತ್ತದೆ. ಆ ನೀರಿನಲ್ಲಿ ಬೆರಳಾಡಿಸಿದರೆ ಉಳಿದ ನಾರೂ ಕೈಗೆ ಹತ್ತಿಕೊಳ್ಳುತ್ತದೆ. ಇದಕ್ಕೆ ಹೆಸರುಬೇಳೆ, ಕಾಯಿತುರಿ, ನಿಂಬೆ ಸೇರಿಸಿ ಮಾಡಿದ ಕೋಸಂಬರಿ ಸೌತೆಯದಕ್ಕಿಂತ ಹೆಚ್ಚು ಹೊತ್ತು ಗರಿಯಾಗಿಯೇ ಇರುತ್ತದೆ. ಡಬ್ಬಿಗೆ ಹಾಕಿ ಕಚೇರಿಗೆ ಒಯ್ಯಲು ಇದಕ್ಕಿಂತ ಒಳ್ಳೆಯದಿಲ್ಲ.

ಚಳಿಗಾಲ ಬಂತೆಂದರೆ ಯಾವುದನ್ನು ಬಿಡುವುದು ಎಂಬುದೇ ಪ್ರಶ್ನೆ. ಕ್ಯಾರೆಟ್, ಮೂಲಂಗಿ, ನವಿಲುಕೋಸು, ಬೀಟ್‌ರೂಟ್, ಎಲೆಕೋಸು ಎಲ್ಲವೂ ತುರಿಮಣೆಗೆ ಸಿದ್ಧ. ಹಳೆಯ ಮೈಸೂರಿನ ಮನೆಗಳಲ್ಲಿ ನವಿಲುಕೋಸಿನ ಕೋಸಂಬರಿ ಮಾಮೂಲು. ಎಳೆಯದಾದರೆ ಸಿಪ್ಪೆ ಹೆರೆದರೆ ಸಾಕು. ಬಲಿತದ್ದು ಬೆಂಡಾಗಿರುತ್ತದೆ, ಹುಳಿಗೇ ಸರಿ. ಬೀಟ್‌ರೂಟನ್ನು ಎಲ್ಲಕ್ಕಿಂತ ಕಡೆಗೆ ಬೆರೆಸಬೇಕು, ಇಲ್ಲದಿದ್ದರೆ ಬೇಳೆ, ಕಾಯಿ ಎಲ್ಲವೂ ಅದರ ಬಣ್ಣಕ್ಕೆ ತಿರುಗುತ್ತವೆ. ಸಂಕ್ರಾಂತಿಯ ಆಸುಪಾಸಿನಲ್ಲಿ ಮಾವಿನಶುಂಠಿ ಸಿಗುತ್ತದೆ. ನೋಡಲು ಶುಂಠಿ, ಜಾತಿಯಲ್ಲಿ ಅರಿಶಿನದ ನಂಟು, ವಾಸನೆ ಮಾತ್ರ ಮಾವಿನಕಾಯಿಯದು. ಒಂದು ಚಿಕ್ಕ ತುಂಡನ್ನು ತುರಿದು ಕ್ಯಾರೆಟ್ ಕೋಸಂಬರಿಗೆ ಹಾಕಿದರೆ ಜನವರಿಯಲ್ಲೇ ಯುಗಾದಿ. ಅದೇ ದಿನಗಳಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಸೊಗಡವರೆಯ ರಾಶಿ. ಹಿದುಕಿದ ಅವರೆಯನ್ನು ಉಪ್ಪು ಹಾಕಿ ಬೇಯಿಸಿ, ನೀರು ಬಸಿದು, ಆರಿದ ಮೇಲೆ ಈರುಳ್ಳಿ, ಕಾಯಿ, ನಿಂಬೆ ಬೆರೆಸಿದರೆ ಅದೂ ಒಂದು ಬಟ್ಟಲು ಊಟ. ಬೇಯಿಸದೆ ಮಾತ್ರ ಅವರೆಯನ್ನು ಮುಟ್ಟಬಾರದು. ಹಸಿ ಅವರೆಕಾಳಿನಲ್ಲಿ ಸಯನೈಡ್ ಬಿಡುಗಡೆ ಮಾಡುವ ವಸ್ತುಗಳಿರುತ್ತವೆ, ಚೆನ್ನಾಗಿ ಬೇಯಿಸಿ ನೀರು ಚೆಲ್ಲಿದರೆ ಭಯವಿಲ್ಲ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ನಡೆಯುವ ಕಡಲೆಕಾಯಿ ಪರಿಷೆಯಿಂದ ಹಸಿ ಕಡಲೆಕಾಯಿ ತಂದವರು ಬೇಯಿಸಿ ಸುಲಿದು ಇದೇ ರೀತಿ ಮಾಡಬಹುದು.

ದೇವನಹಳ್ಳಿಯ ಚಕ್ಕೋತ ಕಣ್ಣಿಗೆ ಬಿದ್ದರೆ ಬಿಡಬೇಡಿ. ಭೌಗೋಳಿಕ ಸೂಚಿಕೆಯ (ಜಿಐ) ಮಾನ್ಯತೆ ಪಡೆದ ಈ ಹಣ್ಣು ಅದರ ಊರಿನಲ್ಲೇ ಅಪರೂಪವಾಗಿದೆ; 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಅಲ್ಲಿನ ತೋಟಗಳೆಷ್ಟೋ ನಿವೇಶನಗಳಾದವು. ದಪ್ಪ ಸಿಪ್ಪೆ, ಕಹಿಯ ಪೊರೆ ಎಲ್ಲ ಬಿಡಿಸಿ, ಒಳಗಿನ ಎಸಳನ್ನು ಉದುರಿಸಿ, ಕಾಯಿತುರಿ, ಹಸಿಮೆಣಸಿನಕಾಯಿ, ಉಪ್ಪು, ಸ್ವಲ್ಪ ಬೆಲ್ಲ. ಬೇಳೆಯೇ ಬೇಡ.

ವಿಜಯಪುರ, ಬಾಗಲಕೋಟೆ, ಕಲಬುರಗಿಯ ಕಡೆ ಹೋದರೆ ಈ ಲೆಕ್ಕವೇ ಬೇರೆ. ಅಲ್ಲಿ ನೆನೆಸಿದ ಬೇಳೆಗೆ ಜಾಗವಿಲ್ಲ. ಖಾನಾವಳಿಯಲ್ಲಿ ಕೂತ ಕೂಡಲೇ ರೊಟ್ಟಿಗಿಂತ ಮೊದಲು ತಟ್ಟೆಗೆ ಬರುವುದು ಸವತಿಕಾಯಿ, ಗಜ್ಜರಿ, ಉಳ್ಳಾಗಡ್ಡಿ, ಎಲೆಸಮೇತ ಮೂಲಂಗಿ, ಒಂದು ಹಿಡಿ ಮೆಂತ್ಯದ ಸೊಪ್ಪು. ಬುಡ ಕತ್ತರಿಸಿ ತೊಳೆದಿರುತ್ತಾರೆ, ಉಳಿದದ್ದು ಹಲ್ಲಿನ ಕೆಲಸ. ರೊಟ್ಟಿಯ ಒಂದು ತುತ್ತು, ಎಣ್ಣೆಗಾಯಿ ಒಂದು ಚೂರು, ಮೇಲೊಂದು ಮೆಂತ್ಯದ ಎಸಳು. ‘ತಪ್ಪಲಾ ಇಲ್ದಿದ್ರ ರೊಟ್ಟಿ ಹ್ಯಾಂಗ ಇಳೀತೈತ್ರಿ’ ಎಂದು ಅಲ್ಲಿನವರು ಕೇಳುವುದು ತಮಾಷೆಗಲ್ಲ. ಒಣ ಜೋಳದ ರೊಟ್ಟಿಗೆ ಬೇಕಾದ ತೇವ ಈ ಹಸಿ ತಪ್ಪಲದಿಂದಲೇ ಬರಬೇಕು. ಎರೆಹೊಲದ ಜೋಳದ ಸಾಲಿನ ನಡುವೆ ತಾನಾಗಿ ಹುಟ್ಟುವ ಹಕ್ಕರಿಕೆ ಸೊಪ್ಪಿಗೆ ಪೇಟೆಯಲ್ಲಿ ಹೆಸರೇ ಇಲ್ಲ. ಆ ಸೀಮೆಯಲ್ಲಿ ಅದನ್ನು ಶೇಂಗಾ ಹಿಂಡಿ, ಎಣ್ಣೆ ಹಚ್ಚಿಕೊಂಡು ಹಸಿಯಾಗಿಯೇ ತಿನ್ನುತ್ತಾರೆ. ಕಳೆನಾಶಕ ಸಿಂಪಡಿಸುವ ಹೊಲದಲ್ಲಿ ಅದು ಹುಟ್ಟುವುದಿಲ್ಲ, ಹುಟ್ಟಿದರೂ ತಿನ್ನುವಂತಿಲ್ಲ.

ಕೈಯಿಂದ ಮುರಿದು ತಿನ್ನಲು ಒಲ್ಲದವರಿಗೆ ಪಚಡಿ ಇದೆ. ಎಳೆ ಮೆಂತ್ಯ, ಉಳ್ಳಾಗಡ್ಡಿ, ಸವತಿಕಾಯಿ, ಟೊಮೆಟೊ ಸಣ್ಣಗೆ ಹೆಚ್ಚಿ, ಹುರಿದ ಗುರೆಳ್ಳಿನ ಪುಡಿ, ಶೇಂಗಾದ ತರಿ, ಉಪ್ಪು, ಚಿಟಿಕೆ ಬೆಲ್ಲ, ಮೇಲೆ ಒಂದು ಚಮಚ ಹಸಿ ಎಣ್ಣೆ, ಅದೂ ಕುಸುಬೆ ಎಣ್ಣೆಯಾದರೆ ಇನ್ನೂ ಚೆನ್ನ. ತರಕಾರಿ ಬಿಡುವ ನೀರನ್ನೆಲ್ಲ ಪುಡಿ ಹೀರಿಕೊಂಡು ತಾನೇ ಗೊಜ್ಜಾಗುತ್ತದೆ. ದಕ್ಷಿಣದ ಕೋಸಂಬರಿ ನೀರನ್ನು ಕಂಡು ಹೆದರುತ್ತದೆ, ಉತ್ತರದ ಪಚಡಿ ಅದನ್ನು ಕೆಲಸಕ್ಕೆ ಹಚ್ಚುತ್ತದೆ. ಬೇಳೆ ಕೊಡಬೇಕಾದ ಪ್ರೋಟೀನನ್ನು ಇಲ್ಲಿ ಶೇಂಗಾ ಕೊಡುತ್ತದೆ, ಕಾಯಿತುರಿಯ ಜಿಡ್ಡನ್ನು ಗುರೆಳ್ಳು ಕೊಡುತ್ತದೆ. ತೆಂಗು ಹೆಚ್ಚು ಬೆಳೆಯದ ನಾಡು ತನ್ನದೇ ದಾರಿ ಹುಡುಕಿಕೊಂಡಿದೆ. ಎರಡರಲ್ಲಿ ಯಾವುದು ಮೇಲು ಎಂದು ಕೇಳಿದರೆ, ಮೈಸೂರು ಸೀಮೆಯವರು ಕ್ಷಮಿಸಲಿ, ನನ್ನ ಓಟು ಮೆಂತ್ಯ ಪಚಡಿಗೆ. ಎಳ್ಳಮಾವಾಸ್ಯೆಗೆ ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲಲು ಹೊಲಕ್ಕೆ ಹೋದವರು ಸಜ್ಜೆ ರೊಟ್ಟಿಯ ಜೊತೆ ಹಸಿಗಡಲೆಯ ಗಿಡವನ್ನೇ ಕಿತ್ತು ಸುಲಿದು ತಿನ್ನುತ್ತಾರೆ. ಆ ಹಸಿ ಕಾಳು ಈಗ ಪೇಟೆಯ ಗಾಡಿಗಳಲ್ಲೂ ಸಿಗುತ್ತದೆ. ಸುಲಿದು, ಉಳ್ಳಾಗಡ್ಡಿ, ಗುರೆಳ್ಳಿನ ಪುಡಿ, ನಿಂಬೆ ಹಾಕಿ ಪಚಡಿ ಮಾಡಿದರೆ ಜನವರಿಯಲ್ಲಿ ಬೇರೆ ಸಲಾಡಿನ ಅಗತ್ಯ ಬೀಳುವುದಿಲ್ಲ.

ಲೆಟ್ಯೂಸ್ ಬಗ್ಗೆ ನನಗೆ ದ್ವೇಷವೇನಿಲ್ಲ. ಅದು ತಂಪುಹವೆಯ ಸೊಪ್ಪು, ಸೆಕೆ ಹೆಚ್ಚಾದರೆ ಬೇಗ ಹೂಕಾಂಡ ಬಿಟ್ಟು ಎಲೆ ಕಹಿಯಾಗುತ್ತದೆ. ಏಪ್ರಿಲಿನ ಬೆಂಗಳೂರಿನಲ್ಲಿ ಅದನ್ನು ಗರಿಯಾಗಿ ಉಳಿಸಲು ನೆರಳುಮನೆ, ಶೀತಲ ವಾಹನ, ಪ್ಲಾಸ್ಟಿಕ್ ಡಬ್ಬಿ ಎಲ್ಲವೂ ಬೇಕು. ನಾವು ಕೊಡುವ ಹಣದ ದೊಡ್ಡ ಪಾಲು ಹೋಗುವುದು ಇವಕ್ಕೆ. ಸೊಪ್ಪಿಗೆ ತನ್ನದೇ ರುಚಿ ಕಡಿಮೆ, ಅದಕ್ಕೆ ಬಾಟಲಿಯ ಡ್ರೆಸ್ಸಿಂಗ್ ಬೇಕು, ಬಾಟಲಿಯಲ್ಲಿ ಸಕ್ಕರೆ, ಉಪ್ಪು, ಎಣ್ಣೆ. ಆರೋಗ್ಯಕ್ಕೆಂದು ಹೊರಟ ಪ್ರಯಾಣ ಇಲ್ಲಿಗೆ ಮುಗಿದರೆ ಕಷ್ಟ. ಚಳಿಗಾಲದಲ್ಲಿ ಒಳ್ಳೆಯ ಲೆಟ್ಯೂಸ್ ಸಿಕ್ಕಿತೆನ್ನಿ, ಅದಕ್ಕೂ ಗುರೆಳ್ಳಿನ ಪುಡಿ, ನಿಂಬೆ ಹಾಕಿ ನೋಡಿ. ಬಾಟಲಿ ತೆರೆಯುವ ಮನಸ್ಸಾಗುವುದಿಲ್ಲ. ಅಮೆರಿಕ, ಇಂಗ್ಲೆಂಡುಗಳಲ್ಲಿರುವ ನಮ್ಮವರು ಈ ಲೆಕ್ಕವನ್ನು ಅಲ್ಲಿನ ಹಂಗಾಮಿಗೆ ಹೊಂದಿಸಿಕೊಂಡರಾಯಿತು. ಆಗಸ್ಟಿನಲ್ಲಿ ಅಲ್ಲಿನ ರೈತರ ಸಂತೆಗೆ ಬರುವ ಸಿಹಿಜೋಳ, ಸಣ್ಣ ಕೆಂಪು ಮೂಲಂಗಿಗಳು ಹೆಸರುಬೇಳೆಯೊಡನೆ ಚೆನ್ನಾಗಿಯೇ ಹೊಂದುತ್ತವೆ.

ಎಷ್ಟು ತಿನ್ನಬೇಕು? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ 2000 ಕ್ಯಾಲರಿಯ ದಿನದ ಊಟಕ್ಕೆ ಸೊಪ್ಪು ಸೇರಿ 400 ಗ್ರಾಂ ತರಕಾರಿ ಎಂದು ಹೇಳಿದೆ. ಸಾರಿನೊಳಗಿನ ನಾಲ್ಕು ಹೋಳು, ಒಂದು ಚಮಚ ಪಲ್ಯದಿಂದ ಅಲ್ಲಿಗೆ ತಲುಪುವುದಾಗದು. ಮಧ್ಯಾಹ್ನಕ್ಕೊಂದು, ರಾತ್ರಿಗೊಂದು ಬಟ್ಟಲು ಕೋಸಂಬರಿಯೋ ಪಚಡಿಯೋ ಸೇರಿದರೆ ಅರ್ಧ ದಾರಿ ಸವೆದಂತೆ. ಕಿಡ್ನಿ ತೊಂದರೆ ಇರುವವರು, ಪೊಟ್ಯಾಸಿಯಂ ಕಡಿಮೆ ಮಾಡಿ ಎಂದು ವೈದ್ಯರಿಂದ ಹೇಳಿಸಿಕೊಂಡವರು ಮಾತ್ರ ಅವರನ್ನು ಕೇಳಿಯೇ ಶುರುಮಾಡಬೇಕು.

ತೊಳೆಯುವ ಕೆಲಸದಲ್ಲಿ ಸೋಮಾರಿತನ ಸಲ್ಲದು. ಹರಿಯುವ ನೀರಿನಲ್ಲಿ ಕಾಯಿಯನ್ನು ಕೈಯಿಂದ ತಿಕ್ಕಿ ತೊಳೆಯಬೇಕು. ಸೊಪ್ಪನ್ನು ಅಗಲ ಪಾತ್ರೆಯ ನೀರಿನಲ್ಲಿ ಮುಳುಗಿಸಿ, ಮಣ್ಣು ತಳಕ್ಕಿಳಿದ ಮೇಲೆ ಸೊಪ್ಪನ್ನು ಮೇಲೆತ್ತಬೇಕು. ಪಾತ್ರೆಯನ್ನೇ ಬಗ್ಗಿಸಿದರೆ ಇಳಿದ ಮಣ್ಣು ಮತ್ತೆ ಸೊಪ್ಪಿನ ಮೇಲೆ. ಹೆಚ್ಚುವ ಮೊದಲು ತೊಳೆಯಬೇಕೇ ಹೊರತು ಹೆಚ್ಚಿದ ಮೇಲಲ್ಲ. ಸಿ ವಿಟಮಿನ್ ನೀರಿನಲ್ಲಿ ಕರಗಿ ಹೋಗುತ್ತದೆ.

ಬಾಳೆದಿಂಡಿನದನ್ನು ಬಿಟ್ಟರೆ ಮಾಡಿದ್ದನ್ನು ಅರ್ಧ ಗಂಟೆಯೊಳಗೆ ಉಣ್ಣಬೇಕು, ಮಿಕ್ಕದ್ದನ್ನು ಫ್ರಿಜ್ಜಿನಲ್ಲಿಟ್ಟು ಮರುದಿನ ಬಡಿಸುವುದು ಬೇಡ. ರಾತ್ರಿಯೇ ಅದಕ್ಕೆ ಅಕ್ಕಿಹಿಟ್ಟು ಹಾಕಿ, ಕೋಸಂಬರಿ ಬಿಟ್ಟ ನೀರಿನಲ್ಲೇ ಕಲಸಿ, ಕಾವಲಿಗೆ ಎಣ್ಣೆ ಸವರಿ ರೊಟ್ಟಿ ತಟ್ಟಿ. ಉಪ್ಪು, ಖಾರ, ಕಾಯಿ ಎಲ್ಲವೂ ಆಗಲೇ ಇರುವುದರಿಂದ ಮತ್ತೇನೂ ಹಾಕಬೇಕಾಗಿಲ್ಲ.